ಮೊತ್ತದ ಮುಂದಿನ ಜಾಗ

ದೇವದುರ್ಗ ಬಸ್‌ಸ್ಟ್ಯಾಂಡಿನ ಹಿಂದ, ಪಂಕ್ಚರ್ ಅಂಗಡಿಗೆ ಅಂಟಿಕೊಂಡು
ನಂದೊಂದು ಡಬ್ಬಿ ಅಂಗಡಿ.
ಪೇಂಟರ್ ಹುಸೇನಪ್ಪ ಅಂದ್ರ
ಈ ತಾಲೂಕಿನ ಅಕ್ಷರಕ್ಕೆಲ್ಲ ಗೊತ್ತು.
ಗೊಬ್ಬರದ ಅಂಗಡಿ, ಹಲ್ಲಿನ ಡಾಕ್ಟರು,
ಸತ್ತವರ ಫೋಟೋದ ಕೆಳಗಿನ ತಾರೀಖು,
ಎಲ್ಲ ನನ್ನ ಕೈಯವೇ.

ಆ ವರ್ಷ ಬಿಳಿ ಜೀಪು ಬಂತು.
ಕಲ್ಲಬಾವಿಯೊಳಗ ಶುದ್ಧ ನೀರಿನ ಘಟಕ,
ಗೋಡಿಮ್ಯಾಲ ಬೋರ್ಡ್ ಬರೀಬೇಕು.
ಕೈ ಹಿಡಿದ ಕೈಯ ಚಿತ್ರ,
ಕೆಳಗ ನಾಲ್ಕು ಸಂಸ್ಥೆಗಳ ಗುರುತು,
ಒಂದರ ಬಾಜು ಒಂದು ಸಣ್ಣಾಗುತ್ತಾ ಬಂದವು.
ಸಹಾಯ: ಸಮುದ್ರದಾಚೆಯ ಸ್ನೇಹಿತರು.
ಮೊತ್ತ:
ಅಲ್ಲಿಗೆ ಕುಂಚ ಎತ್ತಿ ಕೇಳಿದೆ, ಎಷ್ಟು ಬರೀಲಿ ಸಾರ್?
"ಅದನ್ನ ಖಾಲಿ ಬಿಡು. ಆಮ್ಯಾಲ ಹೇಳ್ತೀವಿ."
ಒಂದು ಗೇಣು ಬಿಟ್ಟೆ.
ಮೂರು ವರ್ಷ ಆತು, ಆ ಆಮ್ಯಾಲ ಇನ್ನೂ ಬಂದಿಲ್ಲ.

ಉದ್ಘಾಟನೆಗೆ ಟ್ಯಾಂಕರ್ ತರಿಸಿ ತೊಟ್ಟಿ ತುಂಬಿದ್ರು.
ನಳದ ಮುಂದ ಆದೆಮ್ಮನ್ನ ನಿಂದರಿಸಿ
ಗ್ಲಾಸು ಎತ್ತು, ನಗು, ಅಂದ್ರು.
ಆಕಿ ಬಾಯಿ ಮುಚ್ಚೇ ನಕ್ಕಳು,
ಬೋರಿನ ನೀರು ಕುಡಿದು ಕಂದಾದ ಹಲ್ಲು.
"ಹಲ್ಲು ಕಾಣ್ಲಿ ಅವ್ವಾ," ಅಂದ ಫೋಟೋದವ,
"ಹಲ್ಲಿಗೇ ರೊಕ್ಕ ಬಂದೈತಿ."

ಆ ನೀರು ನಾಲ್ಕು ದಿನ.
ಐದನೇ ದಿನ ನಳ ಗಾಳಿ ಉಗುಳಿತು,
ಆಮ್ಯಾಲ ಅದನ್ನೂ ಬಿಟ್ಟಿತು.
ಮೊತ್ತದ ಮುಂದ ಹಲ್ಲಿ ಬಿಸಿಲು ಕಾಸಿತು.
ಹುಡುಗೂರು ಇದ್ದಿಲಿನಿಂದ
ಕಬಡ್ಡಿ ಪಾಯಿಂಟು ಬರೆದ್ರು: ಹನ್ನೆರಡು, ಒಂಬತ್ತು.
ಆ ಗೋಡಿಮ್ಯಾಲ ಅದೊಂದೇ ಖರೇ ಲೆಕ್ಕ.

ಈ ಸಲದ ಗ್ರಾಮಸಭೆಗೆ ರಾಯಚೂರಿಂದ ಒಬ್ಬ ಹುಡುಗಿ ಬಂದಿದ್ಲು,
ಚೀಲದ ತುಂಬ ಝೆರಾಕ್ಸ್.
ಒಂದೊಂದೇ ಹಾಳಿ ಎತ್ತಿ ಕನ್ನಡ ಮಾಡಿ ಓದಿದ್ಲು.
ಅಲ್ಲಿ, ಮಂಜು ಬೀಳೋ ಯಾವುದೋ ಊರಾಗ
ಮುದುಕ್ಯಾರು ಉಣ್ಣಿ ಕಾಲುಚೀಲ ಹೆಣೆದು ಮಾರಿ
ಕೂಡಿಸಿದ ರೊಕ್ಕ ಇದು.
ಅವರೂ ಕೇಳ್ಯಾರ, ನೀರು ಹ್ಯಾಂಗೈತಿ ಅಂತ.
ಜವಾಬಿಗೆ ಹೋಗಿದ್ದು ಒಂದು ಫೋಟೋ:
ಆದೆಮ್ಮನ ಗ್ಲಾಸು, ಹಿಂದ ನನ್ನ ಬೋರ್ಡ್.
ಅಕ್ಷರ ಭಾಳ ಛಂದ ಅದಾವ ಅಂತ ಬರೆದು ಕಳಿಸ್ಯಾರ,
ಓದಾಕ ಬಾರದ ಆ ತಾಯಂದ್ರು.

ಪಂಪು ಎರಡು, ಅಂತಿತ್ತು ಹಾಳಿಯೊಳಗ. ಬಂದದ್ದು ಒಂದು, ಅದೂ ಹಳೇದು.
ತರಬೇತಿ, ನಲವತ್ತು ಹೆಣ್ಮಕ್ಕಳಿಗೆ, ಊಟ ಸಹಿತ.
ಹೆಸರಿನ ಪಟ್ಟಿಯೊಳಗ ಆರನೇದು ಆದೆಮ್ಮ.
"ಊಟಕ್ಕ ಏನ್ ಮಾಡಿದ್ರಂತ?"
ಸಭಾ ನಕ್ಕಿತು. ಆಕಿ ನಗಲಿಲ್ಲ.
"ಅಲ್ರಿ, ನಾ ಉಂಡೀನಿ ಅಂತ ಬರ್ದಾರಲ್ಲ,
ರುಚಿಯರೇ ಹೇಳ್ರಿ."

ಆಮ್ಯಾಲ ಹುಡುಗಿ ಓದಿದ್ಲು:
ಬೋರ್ಡ್ ಬರೆಸಿದ್ದು, ಹದಿನೆಂಟು ಸಾವಿರ. ಸಹಿ, ಹುಸೇನಪ್ಪ.

ಕೈಗೆ ಬಂದದ್ದು ಎರಡು ಸಾವಿರದ ಇನ್ನೂರು,
ಮ್ಯಾಲ ಒಂದು ಚಹಾ.
ರಸೀದಿಯೊಳಗ ಅಂಕಿ ಇರಲಿಲ್ಲ. ಹಾಕು ಅಂದ್ರು, ಸಹಿ ಹಾಕಿದೆ.
ಗೋಡಿಮ್ಯಾಲ ಬಿಟ್ಟಂಗ ಕಾಗದದ ಮ್ಯಾಲೂ ಬಿಟ್ಟಿದ್ದೆ.
ಯಾರೂ ನನ್ನ ಕಡಿ ತಿರುಗಿ ನೋಡಲಿಲ್ಲ.
ನೋಡಿದ್ರ ಚಲೋ ಇತ್ತು.

ಮರುದಿನ ಏಣಿ ಕಟ್ಟಿಕೊಂಡು ಹೋದೆ, ಬಣ್ಣ ನಂದೇ.
ಹುಡುಗೂರ ಪಾಯಿಂಟು ಅಳಿಸಲಿಲ್ಲ, ಅದರ ಬಾಜುದಿಂದ ಶುರು ಮಾಡಿದೆ.
ಮೂವತ್ತೊಂದು ಲಕ್ಷದ ನಲವತ್ತು ಸಾವಿರ.
ಅವರು ಬಿಡಸಿದ ಗೇಣು ಸಾಲಲಿಲ್ಲ.
ಅಂಕಿ ಗೋಡಿ ಹಿಡಿದು ಹೋತು,
ಕಡೀ ಸೊನ್ನಿ ನಳದ ಮ್ಯಾಲ ಬಂತು.
ಅದರ ಕೆಳಗ ಪಂಪು, ಊಟ, ಕೊಟ್ಟದ್ದು, ಮುಟ್ಟಿದ್ದು.
ಎಲ್ಲಾಕ್ಕಿಂತ ಕೆಳಗ, ಮೊಣಕಾಲೂರಿ,
ಇರುವಿಯಂಥ ಅಕ್ಷರದಾಗ
ನನ್ನ ಎರಡು ಸಾವಿರದ ಇನ್ನೂರು.

ಆದೆಮ್ಮ ಕೊಡ ಇಳಿಸಿ ನಿಂತಳು.
ಓದು ಬಾರದಾಕಿ.
"ಏನೋ ಅದು, ಕೆಳಗ, ಸಣ್ಣದು?"
ಹೇಳಿದೆ.
ಸುಮ್ಮನ ನೋಡಿದಳು, ಗೋಡಿ, ಮತ್ತ ನನ್ನ.
"ದೊಡ್ಡದಾಗಿ ಬರಿ," ಅಂದಳು.
"ದೂರಿಂದ ನೋಡೋರು ಅದಾರ."